ಮಗ್ಗ ನಿಲ್ಲಿಸುವ ಹೊತ್ತು

ಕೊಳ್ಳೇಗಾಲ
20 ಫೆಬ್ರುವರಿ 2025

ಶಿವನಂಜಯ್ಯ ಮೇಷ್ಟ್ರಿಗೆ ನೇಕಾರ ದೇವಣ್ಣನ ನಮಸ್ಕಾರ.

ನಾವು ಚೆನ್ನಾಗಿದ್ದೇವೆ. ನೀವು ಚೆನ್ನಾಗಿದ್ದೀರೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲವಲ್ಲ! ನಮ್ಮ ಬೀದಿಯ ಸ್ಕೂಲಿನಿಂದ ನಿಮ್ಮನ್ನು ಎತ್ತಿದರು, ಸರಿ. ಆದರೆ ಮಾದಪ್ಪನ ಬೆಟ್ಟವನ್ನೂ ದಾಟಿಸಿ, ಪಾಲಾರ್ ದಾರಿಯ ಕಾಡೊಳಗೆ, ಟವರ್ ಸಿಗದ ಊರಿಗೇ ಹಾಕಬೇಕಿತ್ತೇ? ಫೋನು ಮಾಡಿದಾಗಲೆಲ್ಲ ನೀವು ವ್ಯಾಪ್ತಿ ಪ್ರದೇಶದ ಹೊರಗಿದ್ದೀರಿ ಎಂದು ಒಬ್ಬ ಹೆಂಗಸು ಹೇಳುತ್ತಾಳೆ. ಆಕೆಯ ಸಹವಾಸ ಸಾಕಾಗಿ ಕಾಗದ ಹಿಡಿದಿದ್ದೇನೆ. ಐದನೇ ಕ್ಲಾಸಿಗೆ ನಿಂತವನ ಅಕ್ಷರ, ಕೆಂಪು ಇಂಕಿನಲ್ಲಿ ತಿದ್ದಬೇಡಿ.

ವಿಷಯ ಇಷ್ಟೇ. ನಿಮ್ಮ ಶಿಷ್ಯೆ, ನನ್ನ ಮಗಳು ಮೋನಿಕಾ, ಏಳನೇ ಕ್ಲಾಸು ಮುಗಿಸುತ್ತಿದ್ದಾಳೆ. ಜೂನಿಗೆ ಹೈಸ್ಕೂಲು. ನಮ್ಮ ವಂಶದಲ್ಲಿ ಹೈಸ್ಕೂಲಿನ ಗೇಟು ದಾಟಿದವರು ಒಬ್ಬರೂ ಇಲ್ಲ. ನನ್ನ ಹೆಂಡತಿ ಮಹದೇವಮ್ಮ ನಾಲ್ಕಕ್ಕೇ ನಿಂತವಳು. ಮಗಳನ್ನು ಹೇಗೆ ತಯಾರು ಮಾಡಬೇಕು ಎಂದು ನಾಲ್ಕು ಜನರನ್ನು ಕೇಳಿದೆ. ಒಬ್ಬ ಟ್ಯೂಷನ್ನು ಎಂದ, ಒಬ್ಬ ಗಟ್ಟಿ ಬ್ಯಾಗು ಎಂದ. ಹೆಂಡತಿಯಂತೂ ಕೊಡೆ ತಂದು ಇಟ್ಟಿದ್ದಾಳೆ. ಹಾಸು, ಹೊಕ್ಕು, ಜರಿಯ ವಿಚಾರ ಕೇಳಿದರೆ ನಿದ್ದೆಯಲ್ಲೂ ಹೇಳಿಯೇನು. ಹೈಸ್ಕೂಲಿನ ವಿಚಾರಕ್ಕೆ ನಾನು ಕಣ್ಣು ಕಟ್ಟಿದ ಎತ್ತು.

ಮಗು ಬುದ್ಧಿವಂತೆ, ನಿಮಗೇ ಗೊತ್ತು. ಮಾತು ಕಮ್ಮಿ, ಅಷ್ಟೇ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ನಮ್ಮ ಮನೆಯಲ್ಲಿ ಬೆಳಗಾದರೆ ಮಗ್ಗದ ಸದ್ದು. ಎದುರಿಗೆ ನಿಂತು ಮಾತಾಡಿದರೂ ಕೇಳಿಸುವುದಿಲ್ಲ. ಎರಡು ಬೆರಳು ಎತ್ತಿದರೆ ಕಾಫಿ, ಅಂಗೈ ಬಾಯಿಗೆ ತಂದರೆ ಊಟ, ಕಿವಿ ಮುಟ್ಟಿದರೆ ಫೋನು ಬಂದಿದೆ. ಜಗಳವನ್ನೂ ಕೈಯಲ್ಲೇ ಆಡುತ್ತೇವೆ, ಮಹದೇವಮ್ಮನದು ಅದರಲ್ಲಿ ಬಲು ಚೊಕ್ಕ. ಮಗಳು ಕಣ್ಣಲ್ಲೇ ಎಲ್ಲ ಹೇಳಿಬಿಡುತ್ತಾಳೆ. ಹೆಣ್ಣು ಮಗುವಿಗೆ ಅದು ಒಳ್ಳೇದೇ ಅಲ್ಲವೇ?

ಏನೇನು ಮಾಡಬೇಕು, ಒಂದೊಂದಾಗಿ ಬರೆಯಿರಿ. ನೀವು ಗೆರೆ ಹಾಕಿದರೆ ನಾನು ದಾಟುವವನಲ್ಲ.

ನಿಮ್ಮ
ದೇವಣ್ಣ


ಪಾಲಾರ್ ರಸ್ತೆ
2 ಮಾರ್ಚ್ 2025

ದೇವಣ್ಣನವರಿಗೆ ವಂದನೆಗಳು.

ಕಾಗದ ಬಸ್ ಡ್ರೈವರ್ ಕೈಯಲ್ಲಿ ಬಂತು. ಇಲ್ಲಿ ಅಂಚೆಯಣ್ಣನೂ ಅವನೇ, ಪೇಪರಿನವನೂ ಅವನೇ. ನಾನು ಚೆನ್ನಾಗಿದ್ದೇನೆ. ಇಲ್ಲಿಯ ಸ್ಕೂಲಿನ ಮಕ್ಕಳು ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ನನ್ನ ತಲೆ ತಿನ್ನುತ್ತವೆ. "ಸಾ, ಆನೈ ಬಂದದೆ" ಎಂದು ಒಬ್ಬ ಕೂಗಿದರೆ ಅವತ್ತಿನ ಪಾಠ ಮುಗಿದಂತೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬ್ಯಾಗು, ಕೊಡೆ, ಟ್ಯೂಷನ್ನು ಆಮೇಲಿನ ಮಾತು. ಮೋನಿಕಾಗೆ ಬೇಕಾಗಿರುವುದು ಬಾಯಿ. "ಒಳ್ಳೇದೇ ಅಲ್ಲವೇ" ಎಂದು ಕೇಳಿದ್ದೀರಿ. ಅಲ್ಲ. ನನ್ನ ಕ್ಲಾಸಿನಲ್ಲಿ ಹದಿನಾಲ್ಕು ಮಕ್ಕಳಿದ್ದರು. ಅವಳ ಹುಬ್ಬು ಗಂಟಾದರೆ ಲೆಕ್ಕ ತಿಳಿದಿಲ್ಲ ಎಂದು ನನಗೆ ಅರ್ಥವಾಗುತ್ತಿತ್ತು. ಹೈಸ್ಕೂಲಿನಲ್ಲಿ ಒಂದು ಕೋಣೆಯಲ್ಲಿ ಅರವತ್ತು ಮಕ್ಕಳು. ಗಂಟೆಗೊಬ್ಬ ಮೇಷ್ಟ್ರು ಬಂದು ಹೋಗುತ್ತಾರೆ. ಅಲ್ಲಿ ಅವಳನ್ನು ಗುರುತಿಸುವವರು ಯಾರೂ ಇರುವುದಿಲ್ಲ, ಹುಬ್ಬು ನೋಡುವ ಪುರುಸೊತ್ತೂ ಇರುವುದಿಲ್ಲ. ತಿಳಿಯದ್ದನ್ನು ತಿಳಿಯಲಿಲ್ಲ, ಬೇಕಾದ್ದನ್ನು ಬೇಕು, ಬೇಡದ್ದನ್ನು ಬೇಡ ಎಂದು ಬಾಯಿ ಬಿಟ್ಟು ಹೇಳದ ಮಗು ಅಲ್ಲಿ ಸದ್ದಿಲ್ಲದೆ ಹಿಂದೆ ಬೀಳುತ್ತದೆ. ಹಾಗೆ ಬಿದ್ದು, ಒಂಬತ್ತನೇ ಕ್ಲಾಸಿಗೂ ಹೋಗದೆ ಮನೆಯಲ್ಲಿ ಕೂತ ಜಾಣ ಮಕ್ಕಳನ್ನು ನಾನು ಬಲ್ಲೆ. ಮೋನಿಕಾ ಅವರಲ್ಲಿ ಒಬ್ಬಳಾಗಬಾರದು.

ಎರಡು ಕೆಲಸ ಹೇಳುತ್ತೇನೆ. ದಿನಾ ಸಾಯಂಕಾಲ ಅರ್ಧ ಗಂಟೆ ಮಗ್ಗ ನಿಲ್ಲಿಸಿ. ಬೈಯಬೇಡಿ, ಉಪದೇಶ ಮಾಡಬೇಡಿ, ಸುಮ್ಮನೆ ಅವಳೆದುರು ಕೂತುಕೊಳ್ಳಿ. ಇನ್ನೊಂದು, ಅಂಗಡಿಗೆ ಅವಳೊಬ್ಬಳನ್ನೇ ಕಳಿಸಿ. ನಿಮ್ಮ ಬೀದಿಯ ಗೋವಿಂದಮ್ಮನ ಅಂಗಡಿಗಲ್ಲ. ಆ ಅಜ್ಜಿಗೆ ಬೀದಿ ಮಕ್ಕಳ ಕೈಸನ್ನೆಯೆಲ್ಲ ಬಾಯಿಪಾಠ. ಪರಿಚಯವಿಲ್ಲದ ಅಂಗಡಿಗೆ ಹೋಗಿ ಕೇಳಿ ತರಲಿ.

ನಿಮ್ಮ
ಶಿವನಂಜಯ್ಯ


ಕೊಳ್ಳೇಗಾಲ
23 ಮಾರ್ಚ್ 2025

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಶಿಷ್ಯೆ ಗೆದ್ದಳು! ನೀವು ಹೇಳಿದಂತೆ ದೊಡ್ಡ ರಸ್ತೆಯ ಸ್ಟೇಷನರಿ ಅಂಗಡಿಗೆ ಒಬ್ಬಳನ್ನೇ ಅಟ್ಟಿದೆ. ಜ್ಯಾಮಿಟ್ರಿ ಬಾಕ್ಸು, ಎರಡು ಲಾಂಗ್ ಬುಕ್ಕು, ಕಂದು ರಟ್ಟಿನ ಕಾಗದ. ಬೇಕೆಂದೇ ಕಷ್ಟದ ಸಾಮಾನು ಹೇಳಿದ್ದೆ. ನಾನು ಎದುರಿನ ಹೂವಿನ ಅಂಗಡಿಯಲ್ಲಿ ಮರೆಯಾಗಿ ನಿಂತಿದ್ದೆ. ಮಗು ಸುಮಾರು ಹೊತ್ತು ಮೆಟ್ಟಿಲ ಮೇಲೆ ನಿಂತಿತು. ಗಿರಾಕಿಗಳು ಬಂದರು, ಹೋದರು. ಹೂವಿನವಳು ನನ್ನನ್ನು ಒಂಥರಾ ನೋಡಲು ಶುರು ಮಾಡಿದ್ದಕ್ಕೆ ಬೇಡದಿದ್ದರೂ ಒಂದು ಮೊಳ ಕನಕಾಂಬರ ಕೊಂಡೆ. ಕಡೆಗೆ ನಮ್ಮ ಮೋನಿಕಾ ಏನು ಮಾಡಿದಳು ಗೊತ್ತೇ? ಒಂದು ಚೀಟಿ ತೆಗೆದು, ಬೇಕಾದ್ದನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಗಡಿಯವನ ಮುಂದೆ ಹಿಡಿದಳು! ಒಂದು ಸಾಮಾನೂ ತಪ್ಪಲಿಲ್ಲ. ಒಂದೇ ಒಂದು ಮಾತೂ ಖರ್ಚಾಗಲಿಲ್ಲ. ಏನು ತಲೆ ಮೇಷ್ಟ್ರೇ ಅದು! ಮಹದೇವಮ್ಮ ದೃಷ್ಟಿ ತೆಗೆದಳು.

ಮಗ್ಗ ನಿಲ್ಲಿಸುವ ವಿಚಾರ. ನಿಲ್ಲಿಸುತ್ತಿದ್ದೇನೆ. ಆಗಾಗ. ಯುಗಾದಿಯ ಸೀರೆಗಳು ಮಗ್ಗದ ಮೇಲಿವೆ, ನೇಯಲು ಕೊಟ್ಟ ಸಾಹುಕಾರರು ಬೆಳಿಗ್ಗೆ ಒಂದು ಸಲ ಸಾಯಂಕಾಲ ಒಂದು ಸಲ ಬಾಗಿಲಲ್ಲಿ ನಿಲ್ಲುತ್ತಾರೆ. ಆದರೂ ನಿಲ್ಲಿಸುತ್ತಿದ್ದೇನೆ.

ನೀವು ಬರೆದ ಒಂದು ಮಾತು ಮಾತ್ರ ನನ್ನ ಎದೆಗೆ ಚುಚ್ಚಿದೆ. ಅಲ್ಲಿ ಅವಳನ್ನು ಗುರುತಿಸುವವರು ಯಾರೂ ಇರುವುದಿಲ್ಲ ಎಂದಿರಿ. ದೇವಣ್ಣನ ಮಗಳನ್ನು ಗುರುತಿಸುವುದಿಲ್ಲವೇ? ಆ ವಿಚಾರ ನನಗೆ ಬಿಡಿ. ಅದಕ್ಕೆ ನನ್ನ ಹತ್ತಿರ ಮದ್ದಿದೆ.

ನಿಮ್ಮ
ದೇವಣ್ಣ


ಪಾಲಾರ್ ರಸ್ತೆ
30 ಮಾರ್ಚ್ 2025, ಯುಗಾದಿ

ದೇವಣ್ಣನವರೇ,

ಹಬ್ಬದ ದಿನ ಬೈಯಬಾರದು. ಅದಕ್ಕೇ ಬೇವು ಬೆಲ್ಲ ತಿಂದ ಬಾಯಲ್ಲಿ ಬೆಲ್ಲ ಇರುವಾಗಲೇ ಬರೆಯುತ್ತಿದ್ದೇನೆ. ಚೀಟಿ ಬರೆದು ಕೊಡುವುದಕ್ಕೆ ಅವಳನ್ನು ಅಂಗಡಿಗೆ ಕಳಿಸಿದೆವೇ? ಈಜು ಕಲಿಯಲು ಕೆರೆಗೆ ಕಳಿಸಿದರೆ ಕೆರೆ ಬಳಸಿಕೊಂಡು ಆಚೆ ದಡಕ್ಕೆ ನಡೆದು ಬಂದಳು. ನೀವು ದಡದಲ್ಲಿ ನಿಂತು ಚಪ್ಪಾಳೆ ತಟ್ಟಿದಿರಿ.

"ಆಗಾಗ" ಎಂದರೆ ಎಷ್ಟು ಸಲ ಎಂದು ಕೇಳುವುದಿಲ್ಲ. ಅದಕ್ಕೆ ಉತ್ತರ ನನಗೆ ಗೊತ್ತು.

ಏಪ್ರಿಲ್ ಹನ್ನೊಂದಕ್ಕೆ ರಜಕ್ಕೆಂದು ನಮ್ಮ ಹೊನ್ನೂರಿಗೆ ಹೊರಡುತ್ತೇನೆ. ಬಸ್ಸು ಕೊಳ್ಳೇಗಾಲದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಮೋನಿಕಾ ಒಬ್ಬಳೇ ಬಸ್‌ಸ್ಟ್ಯಾಂಡಿಗೆ ಬಂದು ನನ್ನನ್ನು ಹುಡುಕಿ ಮಾತಾಡಿಸಲಿ. "ಚೆನ್ನಾಗಿದ್ದೀರಾ ಸಾ" ಎಂದರೂ ಸಾಕು. ಚೀಟಿ ತಂದರೆ ನಾನು ತೆಗೆದುಕೊಳ್ಳುವುದಿಲ್ಲ ಎಂದು ಹೇಳಿರಿ.

ನಿಮ್ಮ ಮದ್ದು ಏನು? ಅದೊಂದು ನನಗೆ ದಿಗಿಲು.

ಶಿವನಂಜಯ್ಯ


ಕೊಳ್ಳೇಗಾಲ
8 ಜೂನ್ 2025

ಮೇಷ್ಟ್ರಿಗೆ ಸಾಷ್ಟಾಂಗ.

ಬಸ್‌ಸ್ಟ್ಯಾಂಡಿಗೆ ಬಂದು ನಿಮ್ಮ ಎದುರು ನಿಂತು ಬರೀ ನಕ್ಕು ಹೋದಳು ಎಂದು ರಜದಲ್ಲಿ ಫೋನಿನಲ್ಲಿ ಬೇಜಾರು ಮಾಡಿಕೊಂಡಿರಿ. ಆಗ ಇನ್ನೂ ಒಂದು ಮಾತು ಹೇಳಲು ಹೋದಿರಿ. ಮಗ್ಗದ ಸದ್ದಿನಲ್ಲಿ ನನಗೆ ಅರ್ಧ ಕೇಳಿಸಲಿಲ್ಲ. ಇರಲಿ. ಈಗ ನಾನು ಹೇಳುವುದನ್ನು ಕೇಳಿ, ನಿಮ್ಮ ಬೇಜಾರೆಲ್ಲ ಹಾರಿಹೋಗುತ್ತದೆ.

ನಿಮ್ಮ ಮೋನಿಕಾ ಈಗ ಹೈಸ್ಕೂಲ್ ಹುಡುಗಿ! ತಿಳಿನೀಲಿ ಟಾಪು, ಕಡುನೀಲಿ ಪ್ಯಾಂಟು, ಕಡುನೀಲಿ ವೇಲು. ಆ ವೇಲಿನಲ್ಲೇ ಇದೆ ನೋಡಿ ನನ್ನ ಮದ್ದು. ಮೇ ತಿಂಗಳಲ್ಲಿ ಎರಡು ಸೀರೆಗಳ ನಡುವೆ ಮಗ್ಗ ಖಾಲಿಯಾದಾಗ ನನ್ನ ಸ್ವಂತ ರೇಷ್ಮೆ ತಂದು, ಬಣ್ಣಕ್ಕೆ ಹಾಕಿಸಿ, ಮಗಳ ಅಳತೆಗೆ ಹಾಸು ಹೂಡಿದೆ. ಹಳೇ ಎಳೆಗೆ ಹೊಸ ಎಳೆ ಸೇರಿಸಲು ಮಹದೇವಮ್ಮ ಹಗಲೆಲ್ಲ ಕೂತಳು. ಬಣ್ಣ ಯೂನಿಫಾರಮ್ಮಿನದೇ, ಕಾಯ್ದೆ ತಪ್ಪಿಲ್ಲ. ಆದರೆ ಅಪ್ಪಟ ರೇಷ್ಮೆ, ಎರಡೂ ಅಂಚಿಗೆ ಕೂದಲೆಳೆಯಷ್ಟು ಜರಿ. ನಾವು ನೇಕಾರರು ಊರಿನ ಮದುವೆಗೆಲ್ಲ ರೇಷ್ಮೆ ನೇಯುತ್ತೇವೆ, ನಮ್ಮ ಮನೆಯವರು ಉಡುವುದು ನೂಲು. ನನ್ನ ಹೆಂಡತಿ ಧಾರೆಗೆ ಉಟ್ಟ ರೇಷ್ಮೆಯೂ ಎರವಲು ತಂದದ್ದು. ಹೈಸ್ಕೂಲಿಗೆ ಹೋಗುವ ನಮ್ಮ ವಂಶದ ಮೊದಲ ಮಗು ಸರ್ಕಾರ ಹಂಚಿದ ಮಿಲ್ ಬಟ್ಟೆ ಹೊದ್ದು ಗುಂಪಿನಲ್ಲಿ ಕಾಣೆಯಾಗಬೇಕೇ? ಇನ್ನು ಹೇಳಿ, ಯಾರು ಗುರುತಿಸುವುದಿಲ್ಲವೋ ನೋಡೋಣ!

ಮೊದಲ ದಿನ ನಾನೇ ಹೊದಿಸಿ ಪಿನ್ನು ಹಾಕಿದೆ. ಬೀದಿಯೇ ಬಾಗಿಲಿಗೆ ಬಂತು. ಗೋವಿಂದಮ್ಮಜ್ಜಿ, "ಏನ್ಲಾ ದೇವಣ್ಣ, ಮಗೀನ ಸ್ಕೂಲಿಗ್ ಕಳುಸ್ತಿದ್ದೀಯೋ ಹಸೆಮಣೆಗೋ?" ಎಂದಳು. ಹೊಟ್ಟೆಕಿಚ್ಚು ಪಾಪ. ಮಗಳು ನನ್ನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿ ನಡೆದಳು. ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು.

ನಿಮ್ಮ
ದೇವಣ್ಣ


ಪಾಲಾರ್ ರಸ್ತೆ
15 ಜೂನ್ 2025

ದೇವಣ್ಣನವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಆ ವೇಲನ್ನು ನೋಡದೆಯೂ ಅದರ ಮೆರುಗು ನನಗೆ ಕಾಣುತ್ತದೆ. ನೇಯ್ದ ಕೈಗೆ ನನ್ನ ನಮಸ್ಕಾರ. ಮೋನಿಕಾ ಹೈಸ್ಕೂಲು ಸೇರಿದಳೆಂದು ಇಲ್ಲಿಯ ಮಕ್ಕಳಿಗೆಲ್ಲ ಬೆಲ್ಲ ಹಂಚಿದೆ.

ಅವಳಿಗೆ ಅದು ಹೇಗನ್ನಿಸಿತು? ನಿಮ್ಮ ಕಾಗದದಲ್ಲಿ ಬೀದಿಯವರ ಮಾತಿದೆ, ನಿಮ್ಮ ಮಾತಿದೆ, ಗೋವಿಂದಮ್ಮನ ಮಾತೂ ಇದೆ. ಮೋನಿಕಾಳದು ಒಂದೂ ಇಲ್ಲ. ಕಣ್ಣು ತುಂಬಿತ್ತು ಎಂದಿರಿ. ಯಾಕೆ ಎಂದು ಕೇಳಿದಿರಾ? ಆ ವಯಸ್ಸಿನ ಮಕ್ಕಳಿಗೆ ಹತ್ತು ಜನರ ಹಾಗೆ ಕಾಣುವುದೇ ದೊಡ್ಡ ಆಸೆ.

ಜುಲೈ ಹನ್ನೊಂದರ ಶುಕ್ರವಾರ ಅಣ್ಣನ ಮಗಳ ಮದುವೆಗೆ ಊರಿಗೆ ಹೋಗುತ್ತೇನೆ. ಸ್ಕೂಲು ಬಿಡುವ ಹೊತ್ತಿಗೆ ಬಸ್ಸು ಕೊಳ್ಳೇಗಾಲದಲ್ಲಿರುತ್ತದೆ. ಅವಳನ್ನು ಕಳಿಸಿ.

ಶಿವನಂಜಯ್ಯ


ಕೊಳ್ಳೇಗಾಲ
29 ಜೂನ್ 2025

ಮೇಷ್ಟ್ರೇ,

ಕೇಳುವುದೇನಿದೆ? ದಿನಾ ಹೊದ್ದುಕೊಂಡು ಹೋಗುತ್ತಾಳೆ, ದಿನಾ ಹೊದ್ದುಕೊಂಡು ಬರುತ್ತಾಳೆ. ಹಿಡಿಸದಿದ್ದರೆ ಹೊದೆಯುತ್ತಿದ್ದಳೇ? ಅದನ್ನು ನೋಡಿಕೊಳ್ಳುವ ರೀತಿ ನೋಡಬೇಕು ನೀವು! ತಿಂಗಳಾದರೂ ಒಂದು ಇಂಕಿನ ಕಲೆಯಿಲ್ಲ, ಬೆಂಚಿನ ಧೂಳಿಲ್ಲ. ಮಗ್ಗದಿಂದ ಇಳಿಸಿದ ದಿನ ಹೇಗಿತ್ತೋ ಹಾಗೇ ಇದೆ. ರೇಷ್ಮೆಯ ಬೆಲೆ ನೇಕಾರನ ಮಗಳಿಗಲ್ಲದೆ ಇನ್ಯಾರಿಗೆ ಗೊತ್ತಾಗುತ್ತದೆ?

ಹತ್ತು ಜನರ ಹಾಗೆ ಎಂದು ಬರೆದಿದ್ದೀರಿ. ಹತ್ತು ಜನರ ಹಾಗಿರಲು ನಾನು ಯಾಕೆ ಇಷ್ಟು ಒದ್ದಾಡಬೇಕಿತ್ತು ಮೇಷ್ಟ್ರೇ? ಸಿಟ್ಟಿನಿಂದ ಕೇಳುತ್ತಿಲ್ಲ.

ಹನ್ನೊಂದಕ್ಕೆ ಸ್ಕೂಲಿನಿಂದ ಸೀದಾ ಬಸ್‌ಸ್ಟ್ಯಾಂಡಿಗೆ ಬರುತ್ತಾಳೆ. ಮದುವೆಗೆ ಮುಯ್ಯಿ ಅವಳ ಕೈಯಲ್ಲೇ ಕಳಿಸುತ್ತೇನೆ. ವೇಲನ್ನು ಕಣ್ಣಾರೆ ನೋಡಿ, ಆಮೇಲೆ ಬರೆಯಿರಿ.

ದೇವಣ್ಣ


ಪಾಲಾರ್ ರಸ್ತೆ
16 ಜುಲೈ 2025

ದೇವಣ್ಣನವರಿಗೆ ವಂದನೆಗಳು.

ಮುಯ್ಯಿ ತಲುಪಿತು. ಮದುವೆ ಚೆನ್ನಾಗಿ ಆಯಿತು. ಮೋನಿಕಾ ಎತ್ತರವಾಗಿದ್ದಾಳೆ. ಆ ಗದ್ದಲದಲ್ಲೂ ನನ್ನ ಬಸ್ಸನ್ನು ಹುಡುಕಿಕೊಂಡು ಬಂದಳು.

"ಸ್ಕೂಲು ಹೇಗಿದೆ ಮಗಾ?" ಎಂದು ಕೇಳಿದೆ. ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಎರಡೂ ಕೈ ಜೋಡಿಸಿದಳು. ನಿಮ್ಮ ಮನೆಯ ಸನ್ನೆ ನನಗೂ ಅಷ್ಟಿಷ್ಟು ಬರುತ್ತದೆ. ಅಪ್ಪನಿಗೆ ಹೇಳಬೇಡಿ ಎಂದು ಅದರ ಅರ್ಥ.

ಹಾಗಾಗಿ ನಾನು ಹೇಳುವುದಿಲ್ಲ. ಆದರೆ ಸುಳ್ಳೂ ಬರೆಯುವುದಿಲ್ಲ. ಅವಳು ನಿಮಗೆ ಹೇಳದೆ ಇಟ್ಟುಕೊಂಡ ಒಂದು ವಿಷಯ ಇದೆ. ಕೆಟ್ಟದ್ದಲ್ಲವೇ ಅಲ್ಲ. ಮಗುವಿನ ಮೇಲೆ ಅನುಮಾನ ಪಡಬೇಡಿ. ನಿಮ್ಮ ಮೇಲಿನ ಪ್ರೀತಿಗೇ ಮುಚ್ಚಿಟ್ಟಿದ್ದಾಳೆ. ಅದನ್ನು ನನ್ನ ಬಾಯಿಂದ ನೀವು ಕೇಳಿದರೆ ಅವಳ ಬಾಯಿ ಇನ್ನೊಂದು ವರ್ಷ ಮುಚ್ಚಿಹೋಗುತ್ತದೆ. ಅವಳೇ ಹೇಳಬೇಕು. ಹೇಳಬೇಕೆಂದರೆ ಕೇಳುವ ಕಿವಿ ಬೇಕು. ನಾನು ಮಾರ್ಚಿನಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದೇನೆ. ದಿನಕ್ಕೆ ಅರ್ಧ ಗಂಟೆ ಮಗ್ಗ ನಿಲ್ಲಿಸಿ.

ಶಿವನಂಜಯ್ಯ


ಕೊಳ್ಳೇಗಾಲ
3 ಆಗಸ್ಟ್ 2025

ಶಿವನಂಜಯ್ಯನವರಿಗೆ,

ಮೊದಲ ಟೆಸ್ಟಿನ ಮಾರ್ಕು ಬಂತು. ಲೆಕ್ಕದಲ್ಲಿ ಇಪ್ಪತ್ತಕ್ಕೆ ಆರು. ನಿಮ್ಮ ಕೈಯಲ್ಲಿ ತರಗತಿಗೇ ಮೊದಲು ಬರುತ್ತಿದ್ದ ಮಗು. ವಿಜ್ಞಾನವೂ ಅಷ್ಟಕ್ಕಷ್ಟೇ. ಯಾಕೆ ಎಂದು ಕೇಳಿದರೆ ನೆಲ ನೋಡುತ್ತಾಳೆ. ಮಹದೇವಮ್ಮನನ್ನು ಕೇಳಿದರೆ ಅವಳೂ ನೆಲ ನೋಡುತ್ತಾಳೆ. ಮನೆಯಲ್ಲಿ ನಾನೊಬ್ಬನೇ ಗೋಡೆ ನೋಡುತ್ತಾ ಕೂತಿದ್ದೇನೆ.

ಅವಳಿಗೊಂದು ಗುಟ್ಟಿದೆ, ನಿಮಗೆ ಗೊತ್ತು, ನನಗೆ ಹೇಳುವುದಿಲ್ಲ. ಇದು ಯಾವ ನ್ಯಾಯ? ನಾನು ಹೆತ್ತ ಅಪ್ಪ. ಹದಿಮೂರು ವರ್ಷದ ಹುಡುಗಿಯ ಗುಟ್ಟು ಎಂದರೆ ಅಪ್ಪನಾದವನಿಗೆ ನಿದ್ದೆ ಬರುತ್ತದೆಯೇ? ಅಂಗಡಿಗೆ ಕಳಿಸಿ ಎಂದಿರಿ, ಕಳಿಸಿದೆ. ಬಸ್‌ಸ್ಟ್ಯಾಂಡಿಗೆ ಎಂದಿರಿ, ಅದೂ ಆಯಿತು. ವೇಲು ನೇಯ್ದು ಹೊದಿಸಿದೆ. ಇಷ್ಟೆಲ್ಲ ಮಾಡಿ ಆರು ಮಾರ್ಕು.

ನಮ್ಮ ಮಾವ ಅಂದೇ ಹೇಳಿದ್ದರು, "ನೇಕಾರ್ರ ಮಕ್ಳಿಗೆ ಏಳ್ನೇ ಕ್ಲಾಸು ಸಾಕು ಕಣ್ಲಾ, ಓದು ಅನ್ನೋದು ನಮ್ಗೆ ಒಗ್ಗಾಕಿಲ್ಲ" ಎಂದು. ದಸರಾ ಕಳೆಯಲಿ. ಹೀಗೇ ಆದರೆ ಬಿಡಿಸಿಬಿಡುತ್ತೇನೆ. ಮನೆಯಲ್ಲಿದ್ದರೆ ಕಣ್ಣೆದುರಾದರೂ ಇರುತ್ತಾಳೆ.

ದೇವಣ್ಣ


ಪಾಲಾರ್ ರಸ್ತೆ
8 ಆಗಸ್ಟ್ 2025

ದೇವಣ್ಣ,

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಬಿಡಿಸುತ್ತೇನೆ ಎಂಬ ಮಾತು ಮಾತ್ರ ಆಗುವುದಿಲ್ಲ. ಆ ಆರು ಮಾರ್ಕು ಅವಳ ತಲೆಯದಲ್ಲ, ಬಾಯಿಯದು. ಅವಳಿಗೆ ಅಲ್ಲೇನೋ ತೊಂದರೆ ಇದೆ, ಯಾರಿಗೂ ಹೇಳಿಲ್ಲ. ಅದು ಏನೆಂದು ನನಗೂ ಪೂರ್ತಿ ಗೊತ್ತಿಲ್ಲ.

ನೀವು ನನ್ನನ್ನು ಕೇಳುತ್ತಿದ್ದೀರಿ. ಕಾಡಿನಾಚೆ ಇರುವವನನ್ನು ಕೇಳುವುದಕ್ಕೆ ಎರಡು ಹಾಳೆ ಬರೆಯುತ್ತೀರಿ. ಅವಳು ನಿಮ್ಮ ಮಗ್ಗದಿಂದ ಮೂರು ಮೊಳ ದೂರದಲ್ಲಿದ್ದಾಳೆ.

ಶಿವನಂಜಯ್ಯ


ಕೊಳ್ಳೇಗಾಲ
31 ಆಗಸ್ಟ್ 2025

ನನ್ನ ಮೇಷ್ಟ್ರಿಗೆ ದೇವಣ್ಣನ ನಮಸ್ಕಾರಗಳು.

ನನ್ನ ಹಿಂದಿನ ಕಾಗದವನ್ನು ಒಲೆಗೆ ಹಾಕಿ. ಆಮೇಲೆ ಕೈ ತೊಳೆದುಕೊಂಡು ಇದನ್ನು ಓದಿ.

ನಿಮ್ಮ ಕಾಗದ ಬಂದಾಗ ಉರಿದುಹೋದೆ. ಮೂರು ಮೊಳವಂತೆ, ಮೂರು ಮೊಳ! ಇವರೇನು ಬಂದು ಅಳೆದರೇ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಮಗ್ಗದ ಮೇಲೆ ಗೌರಿ ಹಬ್ಬದ ಸೀರೆ, ಸೆರಗಿನ ಕೆಲಸ ಅರ್ಧ ಆಗಿತ್ತು. ಆ ವಾರವೂ ಮಗ್ಗ ನಿಲ್ಲಿಸಲಿಲ್ಲ. ನಿಜ ಹೇಳಬೇಕೆಂದರೆ ಯಾವ ವಾರವೂ ನಿಲ್ಲಿಸಿರಲಿಲ್ಲ. ಅದು ನಿಮಗೆ ಮೊದಲೇ ಗೊತ್ತು.

ಹಬ್ಬಕ್ಕೆ ಇನ್ನೊಂದು ವಾರ ಇತ್ತು. ಸಾಯಂಕಾಲ ಮೋನಿಕಾ ಸ್ಕೂಲಿನಿಂದ ಬಂದಳು. ಬ್ಯಾಗು ಇಳಿಸಲಿಲ್ಲ, ಕಾಲು ತೊಳೆಯಲಿಲ್ಲ, ಬಂದವಳೇ ನನ್ನ ಮಗ್ಗದ ಮುಂದೆ ನಿಂತಳು. ನಾನು ಎರಡು ಬೆರಳು ಎತ್ತಿ ಕಾಫಿ ಬೇಕಾ ಎಂದೆ. ಅವಳು ಕೈ ಎತ್ತಲಿಲ್ಲ. ತುಟಿ ಅಲ್ಲಾಡಿತು. ನಾನು ಏನು ಎಂದು ಹುಬ್ಬು ಹಾರಿಸಿ ಲಾಳಿ ಎಸೆದೆ. ಮತ್ತೆ ತುಟಿ ಅಲ್ಲಾಡಿತು. ಇರು ಎಂದು ಕೈ ತೋರಿಸಿದೆ.

"ಅಪ್ಪಾ! ಮಗ್ಗ ನಿಲ್ಸು!"

ಮೇಷ್ಟ್ರೇ, ಆ ಗಂಟಲು ಎಲ್ಲಿತ್ತೋ ನನಗೆ ಗೊತ್ತಿಲ್ಲ. ನನ್ನ ಕಾಲು ತುಳಿಯುವ ಹಲಗೆಯ ಮೇಲೇ ನಿಂತಿತು. ಪಕ್ಕದ ಮನೆಯ ಮಗ್ಗವೂ ನಿಂತಿತು. ಅಡುಗೆ ಮನೆಯಲ್ಲಿ ಮಹದೇವಮ್ಮನ ಕೈಯಿಂದ ಏನೋ ಬಿತ್ತು. ನಮ್ಮ ಮನೆಯಲ್ಲಿ ಹಗಲು ಹೊತ್ತು ಅಷ್ಟು ನಿಶ್ಶಬ್ದ ಇರುತ್ತದೆಂದು ನನಗೆ ತಿಳಿದೇ ಇರಲಿಲ್ಲ. ಆ ನಿಶ್ಶಬ್ದದಲ್ಲಿ ನನ್ನ ಮಗಳು ಮಾತಾಡಿದಳು.

"ನಂಗೆ ಬೋರ್ಡು ಕಾಣಲ್ಲ. ಸಾರು ಏಳಾದು ಕೇಳ್ಸಲ್ಲ. ಕಟ್ಟಕಡೇ ಬೆಂಚಲ್ಲಿ ಕೂತಿವ್ನಿ. ಮೊದಲ್ನೇ ದಿನ ಮೇಡಮ್ಮು, ಇದ್ಯಾರಮ್ಮ ಮದ್ವೆಗ್ ಬಂದಿರೋಳು ಅಂದ್ರು. ಎಲ್ರೂ ನಕ್ರು. ಅವತ್ತು ಓಗಿ ಹಿಂದ್ಗಡೆ ಕೂತೋಳು ಅಲ್ಲೇ ಇವ್ನಿ. ನೀ ನೇಯ್ದಿರೋ ವೇಲ್ನ ನಾನು ಆಕ್ಕತಾ ಇಲ್ಲ ಅಪ್ಪ. ದಿನಾ ಗೋವಿಂದಮ್ಮಜ್ಜಿ ಅಂಗ್ಡೀಲಿ ಬಿಚ್ಚಿ, ಬಿಸ್ಕೀಟ್ ಡಬ್ಬೀಲಿಟ್ಟು, ಅವ್ವ ಒಲಿಸಿಕೊಟ್ಟಿರೋ ನೂಲಿಂದು ಆಕ್ಕಂಡು ಓಯ್ತೀನಿ. ಬರೋವಾಗ ಬದ್ಲಾಯ್ಸ್ಕೊಂಡು ಬತ್ತೀನಿ. ನಂಗೆ ಸ್ಕೂಲಿಗೆ ರೇಷ್ಮೆ ಬ್ಯಾಡ. ನಿಂಗ್ ಬೇಜಾರಾಯ್ತದೆ ಅಂತ ಏಳ್ನಿಲ್ಲ."

ಒಂದೇ ಉಸಿರಿಗೆ ಹೇಳಿದಳು. ಹೇಳಿ ಮುಗಿಸಿ ನಿಂತಳು. ನೆಲ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

ಅಪ್ಪಟ ರೇಷ್ಮೆ ಬಿಸ್ಕೀಟ್ ಡಬ್ಬಿಯಲ್ಲಿ! ಹೆಂಡತಿಗೆ ಗೊತ್ತು, ಅಜ್ಜಿಗೆ ಗೊತ್ತು, ಕಾಡಿನಲ್ಲಿರುವ ನಿಮಗೆ ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ ನೀವು ನೋಡಿದ್ದು ನೂಲಿನ ವೇಲು ಎಂದು ಆಗ ಹೊಳೆಯಿತು. ನನಗೊಬ್ಬನಿಗೇ ಗೊತ್ತಿಲ್ಲ. ಬಾಯಿ ತೆರೆದರೆ ಬೈಗುಳವೇ ಬರುತ್ತಿತ್ತೇನೋ. ಆದರೆ ಅವಳು ಕದಲದೆ ನಿಂತಿದ್ದಳಲ್ಲ, ಅದನ್ನು ನೋಡುತ್ತಾ ನೋಡುತ್ತಾ ಬೇರೆಯದೇ ಏನೋ ಆಯಿತು. ಅಂಗಡಿಯವನ ಮುಂದೆ ಚೀಟಿ ಹಿಡಿದ ಮಗು ಇದು. ನಿಮ್ಮೆದುರು ಬರೀ ನಕ್ಕು ಬಂದದ್ದು. ಇಡೀ ಕೊಳ್ಳೇಗಾಲದಲ್ಲಿ ಹೆದರಬೇಕಾದ ಮುಂಗೋಪಿ ಒಬ್ಬನಿದ್ದರೆ ಅದು ನಾನೇ. ಅವಳು ಮೊದಲು ಬಾಯಿ ಬಿಟ್ಟದ್ದು ನನ್ನೆದುರೇ. "ನಂಗೆ ಬ್ಯಾಡ" ಎಂದಳು ಮೇಷ್ಟ್ರೇ. ನನ್ನ ಮುಖ ನೋಡಿಕೊಂಡು ಎಂದಳು.

"ಇನ್ನೇನಾರ ಅದಾ ಮಗಾ ಏಳಾದು?" ಎಂದೆ.

"ಅದೆ" ಎಂದಳು. ಬ್ಯಾಗು ಇಳಿಸಿ, ನಾನು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯ ಅಂಚಿಗೆ ನನ್ನ ಪಕ್ಕ ಬಂದು ಕೂತಳು. ಬೀದಿ ದೀಪ ಹತ್ತುವ ತನಕ ಮಾತಾಡಿದಳು. ಬೀಜಗಣಿತ ಎಂದರೆ ಏನು, ಪಕ್ಕದಲ್ಲಿ ಕೂರುವ ಅಂಜನಾ ಎಂಬ ಹುಡುಗಿ ಎಷ್ಟು ತರಲೆ, ಹಿಂದಿ ಮೇಡಮ್ಮು ಸೀನುವುದು ಹೇಗೆ, ಎಲ್ಲ ಬಂತು. ಅರ್ಧ ನನಗೆ ತಿಳಿಯಲಿಲ್ಲ. ಮಗ್ಗ ಕೆಟ್ಟಿತೇ ಎಂದು ಪಕ್ಕದ ಮನೆಯವನು ಬಾಗಿಲಲ್ಲಿ ಇಣುಕಿದ. ಹೋಗು ಎಂದು ಕೈ ತೋರಿಸಿದೆ.

ಬೆಳಿಗ್ಗೆ ಎದ್ದು ಅಂಗಿ ಹಾಕಿಕೊಂಡೆ. "ನಡಿ, ನಾನು ಬಂದು ಮೇಷ್ಟ್ರಿಗೆ ಏಳ್ತೀನಿ, ಮುಂದ್ಗಡೆ ಕೂರಿಸ್ಲಿ" ಎಂದೆ. "ನೀ ಬರ್ಬ್ಯಾಡ. ನಾನೇ ಕೇಳ್ತೀನಿ" ಎಂದು ನೂಲಿನ ವೇಲು ಹೊದ್ದು ನಮ್ಮ ಬಾಗಿಲಿನಿಂದಲೇ ಹೊರಟಳು. ಒಂದು ವಾರ ತಡೆದುಕೊಂಡೆ. ಮನಸ್ಸು ಕೇಳಲಿಲ್ಲ. ಮೊನ್ನೆ ಶುಕ್ರವಾರ ಸ್ಕೂಲು ಬಿಡುವ ಹೊತ್ತಿಗೆ ಹೋಗಿ ಗೇಟಿನ ಹತ್ತಿರ ನಿಂತೆ. ಲೆಕ್ಕದ ಮೇಷ್ಟ್ರು ಶಿವರುದ್ರಸ್ವಾಮಿ ಎಂಬವರು ಸ್ಕೂಟರು ತಳ್ಳಿಕೊಂಡು ಬಂದರು. "ಸಾ, ನಾನು ಮೋನಿಕಾ ಅಪ್ಪ" ಎಂದೆ. ಸ್ಕೂಟರು ನಿಲ್ಲಿಸಿ ನಗಲು ಶುರು ಮಾಡಿದರು.

"ಓಹೋ, ನೀವೇನಾ! ಅವತ್ತು ಪಾಠದ ನಡುವೆ ಎದ್ದು ನಿಂತಳು ಕಣ್ರಿ ನಿಮ್ಮ ಮಗಳು. ‘ಸಾ! ಹಿಂದ್ಗಡೆ ನಂಗೆ ಕಾಣಲ್ಲ! ಮುಂದ್ಗಡೆ ಜಾಗ ಬೇಕು!’ ಅಂತ. ನನ್ನ ಕೈಲಿದ್ದ ಸೀಮೆಸುಣ್ಣ ಬಿದ್ದುಹೋಯ್ತು. ಪಕ್ಕದ ಕ್ಲಾಸಿನ ಮೇಡಂ ಏನಾಯ್ತು ಅಂತ ಓಡಿ ಬಂದ್ರು. ಮುಂದಿನ ಬೆಂಚಿಗೆ ಹಾಕಿದ್ದೀನಿ. ಈಗ ದಿನಾ ಪ್ರಶ್ನೆ ಕೇಳ್ತಾಳೆ, ಒಳ್ಳೇ ಪ್ರಶ್ನೆಗಳು. ಮೊನ್ನೆ ಕೊಟ್ಟ ಲೆಕ್ಕಾನೂ ಅವಳೇ ಮೊದಲು ಬಿಡಿಸಿದ್ದು. ಒಂದೇ ಒಂದು ಕಂಪ್ಲೇಂಟು. ಸ್ವಲ್ಪ ಮೆತ್ತಗೆ ಮಾತಾಡೋಕೆ ಹೇಳ್ರಿ."

ನಾನೇನು ಹೇಳಲಿ? ಅವಳು ಮಾತು ಕಲಿತದ್ದೇ ಓಡುವ ಮಗ್ಗದ ಮುಂದೆ ನಿಂತು. ಅದಕ್ಕಿಂತ ಕಮ್ಮಿ ದನಿ ಅವಳಿಗೆ ಇನ್ನೂ ಗೊತ್ತಿಲ್ಲ.

"ಸಾ, ಅವ್ಳು ನೇಕಾರ್ರ ಮಗ್ಳು ಸಾ! ಮೆತ್ಗೆ ಬರಾಕಿಲ್ಲ!" ಎಂದೆ. ಎಷ್ಟು ಜೋರಾಗಿ ಎಂದೆನೋ ನನಗೆ ಅರಿವಿಲ್ಲ. ಎದೆ ಉಬ್ಬಿದಾಗ ದನಿ ಅಳತೆಗೆ ಸಿಗುತ್ತದೆಯೇ? ಗೇಟಿನೊಳಗಿನ ಹುಡುಗಿಯರೆಲ್ಲ ತಿರುಗಿ ನೋಡಿದರು.

ಸಾಯಂಕಾಲ ಮೋನಿಕಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಮಗ್ಗದ ಮುಂದೆ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಮಗ್ಗ ನಿಲ್ಲಿಸಿದೆ. "ಏನಪ್ಪ ನೀನು, ಸ್ಕೂಲತ್ರ ಬಂದು ಅಂಗ್ ಕಿರುಚೋದಾ? ಎಲ್ರೂ ಕೇಳ್ತಾವ್ರೆ, ಅದ್ಯಾರು ಅದ್ಯಾರು ಅಂತ. ನಂಗೆ ಎಷ್ಟ್ ನಾಚ್ಕೆ ಆಯ್ತು ಗೊತ್ತಾ?" ಎಂದು ಅಡಿಯಿಂದ ಮುಡಿಯವರೆಗೆ ಬೈದಳು. ನಮ್ಮಪ್ಪನಿಂದ ಬೈಸಿಕೊಂಡಿದ್ದೇನೆ, ಸಾಹುಕಾರರಿಂದ ಬೈಸಿಕೊಂಡಿದ್ದೇನೆ, ನಿಮ್ಮಿಂದಂತೂ ಕಾಗದ ಕಾಗದದಲ್ಲೂ ಬೈಸಿಕೊಂಡಿದ್ದೇನೆ. ಇಷ್ಟು ಸಂತೋಷವಾಗಿ ಯಾರಿಂದಲೂ ಬೈಸಿಕೊಂಡಿರಲಿಲ್ಲ ಮೇಷ್ಟ್ರೇ.

"ಅದ್ಯಾರು ಅಂತ ಕೇಳಿದ್ದಕ್ಕೆ ನೀ ಏನಂದೆ?" ಎಂದು ಕೇಳಿದೆ.

"ನಮ್ಮಪ್ಪ ಅಂದೆ" ಎಂದಳು. "ಜೋರಾಗೇ ಅಂದೆ."

ನಿಮ್ಮ
ದೇವಣ್ಣ